ಟಿವಿಯ ಹವಾಮಾನದವರು ಎಲ್ಲಿಗೆ ಹೋದರು? ಅಮೆರಿಕದ ಲೋಕಲ್ ಚಾನೆಲ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಅಲಬಾಮಾ ರಾಜ್ಯದ ಹಂಟ್ಸ್‌ವಿಲ್ ಕಡೆ. ಮಾರ್ಚ್ ಬಂತೆಂದರೆ ಇಲ್ಲಿ ಸುಂಟರಗಾಳಿಯ ಕಾಲ. ಸೈರನ್ ಕೂಗಿದ ರಾತ್ರಿ ಹೊಸದಾಗಿ ಬಂದ ಕನ್ನಡದ ಮನೆಗಳಿಂದ ಫೋನ್ ಬರುತ್ತದೆ, "ಎಲ್ಲಿ ಹೋಗಿ ಕೂರಬೇಕು?" ಅಂತ. ವಾರ ಕಳೆದು ಯುಗಾದಿ ಊಟದ ಸಾಲಿನಲ್ಲಿ ಸಿಕ್ಕಾಗ ಪ್ರಶ್ನೆ ಬದಲಾಗಿರುತ್ತದೆ: "ಅವತ್ತು ಟಿವಿಯಲ್ಲಿ ರಾತ್ರಿಯೆಲ್ಲ ನಿಂತು ಮಾತಾಡಿದರಲ್ಲ, ಈಗ ಅವರ ಜಾಗದಲ್ಲಿ ಯಾರೋ ಬೇರೆಯವರಿದ್ದಾರಲ್ಲ?" ಹೀಗೆ ಮಾತಿನ ನಡುವೆ, ಫೋನಿನಲ್ಲಿ, ಊರಿಗೆ ಹಿಂತಿರುಗಿದ ಅಪ್ಪ ಅಮ್ಮಂದಿರ ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲಿಗೆ

ಹವಾಮಾನ ಹೇಳೋರು ಬದಲಾದರೆ ಇಲ್ಲಿಯ ಜನ ಯಾಕಿಷ್ಟು ತಲೆ ಕೆಡಿಸಿಕೊಳ್ತಾರೆ?

ನಾವು ಬೆಳೆದದ್ದು ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳಿಕೊಂಡು. "ಕರಾವಳಿಯ ಬಹುತೇಕ ಕಡೆ, ದಕ್ಷಿಣ ಒಳನಾಡಿನ ಕೆಲವೆಡೆ ಮಳೆಯಾಗುವ ಸಂಭವವಿದೆ" ಎಂಬ ಸಾಲಿಗೆ ಮುಖವಿರಲಿಲ್ಲ. ಅದನ್ನು ಲೆಕ್ಕ ಹಾಕಿದವರು ಯಾರು ಅಂತ ನಾವು ಕೇಳಲೂ ಇಲ್ಲ. ಇಲ್ಲಿ ಆ ಸಾಲಿಗೆ ಒಂದು ಮುಖ, ಒಂದು ಹೆಸರು, ಕೆಲವೊಮ್ಮೆ ಮೂವತ್ತು ವರ್ಷದ ಒಡನಾಟ ಇರುತ್ತದೆ.

2011ರ ಏಪ್ರಿಲ್ 27ರಂದು ಅಲಬಾಮಾ ಒಂದರಲ್ಲೇ 62 ಸುಂಟರಗಾಳಿಗಳು ಎದ್ದವು, 200ಕ್ಕೂ ಹೆಚ್ಚು ಜನ ಸತ್ತರು. ಬ್ರೌನ್ಸ್ ಫೆರಿ ಅಣುಸ್ಥಾವರದಿಂದ ಬರುವ ದೊಡ್ಡ ತಂತಿಗಳೇ ಬಿದ್ದು ನಮ್ಮ ಹಂಟ್ಸ್‌ವಿಲ್‌ಗೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಆ ದಿನ ಬರ್ಮಿಂಗ್‌ಹ್ಯಾಮ್‌ನ ಎಬಿಸಿ 33/40 ಚಾನೆಲ್‌ನಲ್ಲಿ ಜೇಮ್ಸ್ ಸ್ಪ್ಯಾನ್ ಗಂಟೆಗಟ್ಟಲೆ ನಿಂತು ಮಾತಾಡಿದ್ದನ್ನು ಇಲ್ಲಿಯ ಹಳಬರು ಇವತ್ತಿಗೂ ಹೇಳುತ್ತಾರೆ. ಅವರು ಕೋಟು ಬಿಚ್ಚಿ ಸಸ್ಪೆಂಡರ್ ಪಟ್ಟಿಯಲ್ಲಿ ನಿಂತರೆ ಪರಿಸ್ಥಿತಿ ಗಂಭೀರ ಎಂಬುದು ಮಕ್ಕಳಿಗೂ ಗೊತ್ತು. 2023ರ ಮಾರ್ಚ್ 24ರ ರಾತ್ರಿ ಪಕ್ಕದ ಮಿಸಿಸಿಪಿಯ ಟುಪಿಲೊ ಚಾನೆಲ್‌ನಲ್ಲಿ ಮ್ಯಾಟ್ ಲಾಬನ್ ರಡಾರ್ ನೋಡುತ್ತ ನಿಂತಿದ್ದರು. ಗಾಳಿ ನೇರ ಏಮರಿ ಎಂಬ ಊರಿನ ಮೇಲೆ ಹೋಗುವುದನ್ನು ಕಂಡು ಮಾತು ನಿಲ್ಲಿಸಿದರು, ಆ ಊರಿನವರನ್ನು ಕಾಪಾಡಪ್ಪ ಎಂದು ನೇರಪ್ರಸಾರದಲ್ಲೇ ದೇವರಿಗೆ ಕೈಮುಗಿದರು. ಇಂಥವರು ಒಂದು ಸೋಮವಾರ ಕಾಣಿಸದೆ ಹೋದರೆ ಜನ ಸುಮ್ಮನಿರುತ್ತಾರೆಯೇ?

ಮಿಟಿಯರಾಲಜಿಸ್ಟ್ ಅಂದ್ರೂ ವೆದರ್ ಹೇಳೋರು ಅಂದ್ರೂ ಒಂದೇ ಅಲ್ವಾ?

ಅಲ್ಲ. ಮಿಟಿಯರಾಲಜಿಸ್ಟ್ ಅಂದರೆ ವಾತಾವರಣ ವಿಜ್ಞಾನ ಓದಿದವರು. ಓದದೆಯೂ ಹವಾಮಾನ ಹೇಳುವವರಿದ್ದಾರೆ, ಹಿಂದೆ ಬಹಳ ಇದ್ದರು. ಆಮೇಲೆ ಹೆಸರಾಂತ ಹಾಸ್ಯಗಾರರಾದ ಡೇವಿಡ್ ಲೆಟರ್‌ಮನ್ ಇಂಡಿಯಾನಾಪೊಲಿಸ್‌ನ ಚಾನೆಲ್ ಒಂದರಲ್ಲಿ ಹವಾಮಾನ ಹೇಳುತ್ತಿದ್ದವರೇ. ಅಮೆರಿಕದ ಹವಾಮಾನ ವಿಜ್ಞಾನಿಗಳ ಸಂಘವಾದ ಎಎಂಎಸ್ 2005ರಿಂದ 'ಸರ್ಟಿಫೈಡ್ ಬ್ರಾಡ್‌ಕಾಸ್ಟ್ ಮಿಟಿಯರಾಲಜಿಸ್ಟ್' ಎಂಬ ಮಾನ್ಯತೆ ಕೊಡುತ್ತಿದೆ. ಅದಕ್ಕೆ ಪದವಿ ಇರಬೇಕು, ಪರೀಕ್ಷೆ ಪಾಸಾಗಬೇಕು, ಟಿವಿಯಲ್ಲಿ ಮಾಡಿದ ಕೆಲಸವನ್ನು ಪರಿಣತರು ನೋಡಿ ಒಪ್ಪಬೇಕು. ಪರದೆಯ ಮೂಲೆಯಲ್ಲಿ ಹೆಸರಿನ ಪಕ್ಕ ಕಾಣುವ ಮುದ್ರೆ ಇಂಥದ್ದೇ.

ಮುದ್ರೆ ಇಲ್ಲದವರೆಲ್ಲ ದಡ್ಡರು ಅಂತಲ್ಲ. ಆದರೆ ರಾತ್ರಿ ಎರಡು ಗಂಟೆಗೆ ಕಂಪ್ಯೂಟರ್ ಮಾದರಿ ಒಂದು ಹೇಳಿ ರಡಾರ್ ಇನ್ನೊಂದು ತೋರಿಸಿದಾಗ, ಓದಿದ್ದು ಕೈ ಹಿಡಿಯುತ್ತದೆ.

ಒಂದೇ ಚಾನೆಲ್‌ನಲ್ಲಿ ಮೂರು ನಾಲ್ಕು ಜನ ಯಾಕೆ? ಚೀಫ್ ಅಂದ್ರೆ ಯಾರು?

ಸಂಜೆಯ ಮತ್ತು ರಾತ್ರಿಯ ಸುದ್ದಿಯಲ್ಲಿ ಬರುವವರು ಚೀಫ್. ಇನ್ನೊಬ್ಬರು ಬೆಳಗಿನವರು, ಇವರ ಕಾರ್ಯಕ್ರಮ ನಾಲ್ಕೂವರೆಗೆಲ್ಲ ಶುರುವಾಗುವುದರಿಂದ ಎರಡು ಗಂಟೆಗೇ ಎದ್ದು ಹೊರಡಬೇಕು. ಮತ್ತೊಬ್ಬರು ಶನಿವಾರ, ಭಾನುವಾರದವರು, ವಾರದ ನಡುವೆ ಅವರ ಕೈಯಲ್ಲಿ ಮೈಕ್ ಕೊಟ್ಟು ವರದಿಗೂ ಕಳಿಸುವುದುಂಟು. ಚೀಫ್ ಹೋದರೆ ಬೆಳಗಿನವರು ಸಂಜೆಗೆ, ವಾರಾಂತ್ಯದವರು ಬೆಳಗ್ಗೆಗೆ ಸರಿಯುತ್ತಾರೆ. ಹಾಗಾಗಿ ಒಬ್ಬರು ಬಿಟ್ಟರೆ ಮೂರು ಮುಖ ಬದಲಾದಂತೆ ಕಾಣುತ್ತದೆ.

ಸುಂಟರಗಾಳಿ ವಾರ್ನಿಂಗ್ ಕೊಡೋರು ಈ ಟಿವಿಯವರೇನಾ?

ಇಲ್ಲ. ಕೊಡುವುದು ಸರ್ಕಾರದ ರಾಷ್ಟ್ರೀಯ ಹವಾಮಾನ ಸೇವೆ, ಇಲ್ಲಿಯವರ ಬಾಯಲ್ಲಿ ಎನ್‌ಡಬ್ಲ್ಯೂಎಸ್. ದೇಶದಲ್ಲಿ ಅದರ 122 ಮುನ್ಸೂಚನಾ ಕಚೇರಿಗಳಿವೆ, ಹಂಟ್ಸ್‌ವಿಲ್‌ನಲ್ಲೂ ಒಂದಿದೆ. 'ವಾಚ್' ಅಂದರೆ ಗಾಳಿ ಏಳುವ ಲಕ್ಷಣವಿದೆ, ಎಚ್ಚರವಾಗಿರಿ ಅಂತ. 'ವಾರ್ನಿಂಗ್' ಅಂದರೆ ಎದ್ದಿದೆ, ಇಲ್ಲವೇ ರಡಾರ್‌ನಲ್ಲಿ ತಿರುಗುವುದು ಕಂಡಿದೆ, ಈಗಲೇ ಒಳಗೆ ಹೋಗಿ ಅಂತ. ಟಿವಿಯವರ ಕೆಲಸ ಅದನ್ನು ನಿಮ್ಮ ಬೀದಿಯ ಭಾಷೆಗೆ ಇಳಿಸುವುದು.

ಹಸಿರು ಸೀರೆ ಉಟ್ಟುಕೊಂಡು ಹವಾಮಾನ ಹೇಳಬಹುದಾ?

ಇದು ನನ್ನ ಅತ್ತೆಯವರ ಪ್ರಶ್ನೆ, ಬಹಳ ಒಳ್ಳೆಯ ಪ್ರಶ್ನೆ. ಹೇಳಲಾಗದು. ಅವರ ಬೆನ್ನ ಹಿಂದೆ ನಕಾಶೆ ಇರುವುದಿಲ್ಲ, ಬರೀ ಹಸಿರು ಗೋಡೆ. ಕಂಪ್ಯೂಟರ್ ಹಸಿರು ಇದ್ದಲ್ಲೆಲ್ಲ ನಕಾಶೆ ತುಂಬುತ್ತದೆ, ಸೀರೆ ಹಸಿರಾದರೆ ಸೆರಗಿನ ಮೇಲೆಯೇ ಟೆನೆಸಿ ನದಿ ಹರಿಯುತ್ತದೆ. ಸಣ್ಣ ಗೆರೆ, ಒತ್ತೊತ್ತಾದ ವಿನ್ಯಾಸದ ಬಟ್ಟೆಯೂ ಕ್ಯಾಮೆರಾಗೆ ಆಗಿಬರುವುದಿಲ್ಲ. ಬಟ್ಟೆಗೆ ಹಣ ಬಹುತೇಕ ಅವರದೇ ಕೈಯಿಂದ ಹೋಗುತ್ತದೆ. 2015ರಲ್ಲಿ ದೇಶದ ಹತ್ತಾರು ಊರುಗಳ ಹವಾಮಾನದ ಹೆಣ್ಣುಮಕ್ಕಳು ಅಮೆಜಾನ್‌ನಲ್ಲಿ ಸಿಗುವ ಒಂದೇ ಅಗ್ಗದ ಡ್ರೆಸ್ ತೊಟ್ಟ ಫೋಟೊಗಳು ಸುದ್ದಿಯಾದದ್ದು ಅದಕ್ಕೇ.

## ಬಂದವರು, ಹೋದವರು

ಮೊನ್ನೆವರೆಗೂ ಇದ್ದರು, ಒಂದು ಮಾತೂ ಹೇಳದೆ ಮಾಯ. ಏನೋ ತಪ್ಪು ಮಾಡಿರಬೇಕು ಅಲ್ವಾ?

ಮೊದಲು ಆ ಅನುಮಾನ ಬಿಡಿ. ಹತ್ತಕ್ಕೆ ಒಂಬತ್ತು ಸಲ ಅಲ್ಲಿ ತಪ್ಪೂ ಇಲ್ಲ, ಹಗರಣವೂ ಇಲ್ಲ. ಇವರದು ಸರ್ಕಾರಿ ನೌಕರಿಯಂತೆ ನಿವೃತ್ತಿವರೆಗಿನ ಕೆಲಸವಲ್ಲ, ಎರಡು ಮೂರು ವರ್ಷದ ಕಾಂಟ್ರಾಕ್ಟ್. ಅವಧಿ ಮುಗಿಯಿತು, ಸಂಬಳ ಹೊಂದಲಿಲ್ಲ, ಇಲ್ಲವೇ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಅಷ್ಟೇ.

ಹಾಗಾದರೆ ಹೇಳಿ ಹೋಗಬಾರದೇ? ಒಳ್ಳೆಯ ಮನಸ್ಸಿನಿಂದ ಹೊರಟವರಿಗೆ ಚಾನೆಲ್ ಕೇಕ್ ಕತ್ತರಿಸಿ, ಹಳೆಯ ವಿಡಿಯೊ ತೋರಿಸಿ ಕಳಿಸುತ್ತದೆ. ಮಾತುಕತೆ ಮುರಿದಿದ್ದರೆ ಮೈಕ್ ಕೊಡುವ ಧೈರ್ಯ ಯಾರಿಗೂ ಇರುವುದಿಲ್ಲ, ನೇರಪ್ರಸಾರದಲ್ಲಿ ಆಡಿದ ಮಾತು ವಾಪಸು ಬರುವುದಿಲ್ಲವಲ್ಲ. ಮರುದಿನವೇ ಚಾನೆಲ್‌ನ ಸೈಟಿನಿಂದ ಹೆಸರು, ಫೋಟೊ ಅಳಿಸಿಹೋಗುತ್ತದೆ. ಮನೆಯವರಿಗೂ ಹೇಳದೆ ಹೆಣ ಸಾಗಿಸಿದಂತೆ ಇರುತ್ತದೆ ಅದು. ಜನ ಗಾಳಿಸುದ್ದಿ ಹಬ್ಬಿಸುವುದಕ್ಕೆ ಈ ಮೌನವೇ ಕಾರಣ. ನನ್ನ ಕೇಳಿದರೆ, ಎರಡು ಸಾಲಿನ ವಿದಾಯ ಓದಿದರೆ ಚಾನೆಲ್‌ನ ಗಂಟೇನೂ ಹೋಗುವುದಿಲ್ಲ.

ಒಂದು ಗುಟ್ಟು: ಫೆಬ್ರವರಿ, ಮೇ, ಜುಲೈ, ನವೆಂಬರ್ ಇಲ್ಲಿ ವೀಕ್ಷಕರ ಎಣಿಕೆಯ ತಿಂಗಳುಗಳು. ಆ ತಿಂಗಳು ಸಾಮಾನ್ಯವಾಗಿ ಯಾರೂ ಅಲುಗಾಡುವುದಿಲ್ಲ, ಮುಗಿದ ಮೇಲೆ ನೋಡಿ.

ಅದೇ ಊರಿನ ಇನ್ನೊಂದು ಚಾನೆಲ್‌ಗೆ ಹೋಗಬಹುದಲ್ಲ, ಯಾಕೆ ಹೋಗಲ್ಲ?

ಕಾಂಟ್ರಾಕ್ಟಿನಲ್ಲಿ 'ನಾನ್‌ಕಂಪೀಟ್' ಎಂಬ ಸಾಲು ಇರುತ್ತದೆ: ಇಲ್ಲಿ ಬಿಟ್ಟ ಮೇಲೆ ಆರು ತಿಂಗಳೋ ಒಂದು ವರ್ಷವೋ ಈ ಊರಿನ ಬೇರೆ ಚಾನೆಲ್‌ನಲ್ಲಿ ಮುಖ ತೋರಿಸುವಂತಿಲ್ಲ. ಇಷ್ಟು ವರ್ಷ ಪೋಸ್ಟರ್ ಹಾಕಿ ಬೆಳೆಸಿದ ಮುಖ ಎದುರಾಳಿಗೆ ಹೋಗಬಾರದು ಎಂಬ ಲೆಕ್ಕ. ಇಲಿನಾಯ್, ಮ್ಯಾಸಚೂಸೆಟ್ಸ್, ನ್ಯೂಯಾರ್ಕ್, ಅರಿಜೋನಾದಂಥ ಕೆಲವು ರಾಜ್ಯಗಳು ಟಿವಿ ರೇಡಿಯೊದವರಿಗೆ ಈ ಷರತ್ತು ಹಾಕಬಾರದೆಂದು ಕಾನೂನು ಮಾಡಿವೆ. ಕೇಂದ್ರ ಸರ್ಕಾರದ ವ್ಯಾಪಾರ ಆಯೋಗ 2024ರ ಏಪ್ರಿಲ್‌ನಲ್ಲಿ ದೇಶದ ಎಲ್ಲ ಕೆಲಸಗಾರರಿಗೂ ಇದನ್ನು ತೆಗೆಯಲು ಹೊರಟಿತ್ತು, ಆಗಸ್ಟ್‌ನಲ್ಲಿ ಟೆಕ್ಸಸ್‌ನ ನ್ಯಾಯಾಲಯ ಅದಕ್ಕೆ ತಡೆ ಹಾಕಿತು, 2025ರಲ್ಲಿ ಆಯೋಗವೇ ಕೈಚೆಲ್ಲಿತು.

ಮಕ್ಕಳ ಶಾಲೆ, ಮನೆಸಾಲ ಎಲ್ಲ ಇಲ್ಲೇ ಇರುವವರು ವರ್ಷವೊಂದು ಬೇರೆ ಏನೋ ಮಾಡಿಕೊಂಡಿದ್ದು ಮತ್ತೆ ಪಕ್ಕದ ಚಾನೆಲ್‌ನಲ್ಲಿ ಪ್ರತ್ಯಕ್ಷರಾಗುವುದನ್ನು ನೀವು ನೋಡಿರಬಹುದು. ಅವರು ವನವಾಸ ಮುಗಿಸಿ ಬಂದವರು.

ಚೆನ್ನಾಗಿ ಹೇಳ್ತಿದ್ದ ಹುಡುಗಿ ಎರಡೇ ವರ್ಷಕ್ಕೆ ಹೊರಟುಬಿಟ್ಟಳು. ನಮ್ಮೂರು ಇಷ್ಟವಾಗಲಿಲ್ವಾ?

ಊರಿನ ಮೇಲೆ ಮುನಿಸಲ್ಲ. ವೀಕ್ಷಕರ ಎಣಿಕೆ ಮಾಡುವ ನೀಲ್ಸನ್ ಕಂಪನಿ ಈ ದೇಶವನ್ನು 210 ಟಿವಿ ಮಾರುಕಟ್ಟೆಗಳಾಗಿ ಹಂಚಿದೆ, ತುದಿಯಲ್ಲಿ ನ್ಯೂಯಾರ್ಕ್, ಬುಡದಲ್ಲಿ ಮೊಂಟಾನಾದ ಗ್ಲೆಂಡೈವ್ ಎಂಬ ಪುಟ್ಟ ಊರು. ಕಾಲೇಜು ಮುಗಿಸಿದವರು ಬುಡದಲ್ಲೆಲ್ಲೋ ಸೇರಿ ಒಂದೊಂದೇ ಮೆಟ್ಟಿಲು ಹತ್ತುತ್ತಾರೆ. ಚಿಕ್ಕ ಊರಿನ ಮೊದಲ ಸಂಬಳ ಕೇಳಿದರೆ ನಮ್ಮ ಸಾಫ್ಟ್‌ವೇರ್ ಹುಡುಗರು ನಂಬುವುದಿಲ್ಲ. ನಮ್ಮಲ್ಲಿ ಹೊಸ ಮೇಷ್ಟರನ್ನು ಮೊದಲು ಗಡಿ ಹಳ್ಳಿಯ ಶಾಲೆಗೆ ಹಾಕುತ್ತಾರಲ್ಲ, ಆಮೇಲೆ ವರ್ಗ ತಗೊಂಡು ಪೇಟೆ ಕಡೆ ಬರುತ್ತಾರಲ್ಲ, ಹಾಗೆ. ಊರಿನ ಹಳ್ಳ ಕೊಳ್ಳ ಪರಿಚಯವಾಗುವ ಹೊತ್ತಿಗೆ ಮೇಷ್ಟರು ಹೊರಟಿರುತ್ತಾರೆ. ನಷ್ಟ ಹಳ್ಳಿಗೆ.

ಮೂವತ್ತು ನಲವತ್ತು ವರ್ಷ ಇದ್ದವರು ನಿವೃತ್ತರಾದರೆ ಹೊಸಬರನ್ನ ಜನ ಒಪ್ತಾರಾ?

ನಿಧಾನವಾಗಿ. ಶಿಕಾಗೊದ ಡಬ್ಲ್ಯೂಜಿಎನ್‌ನಲ್ಲಿ ಟಾಮ್ ಸ್ಕಿಲಿಂಗ್ 1978ರಿಂದ 2024ರ ಫೆಬ್ರವರಿ 28ರವರೆಗೆ ಇದ್ದರು. ಅಲ್ಲಿಯ ಕನ್ನಡದ ಗೆಳೆಯರೊಬ್ಬರು ಆ ದಿನ ಫೋನ್ ಮಾಡಿ, ಮನೆಯ ಹಿರಿಯರು ಹೊರಟಂತಾಗಿದೆ ಅಂದಿದ್ದರು. ಅವರ ಜಾಗಕ್ಕೆ ಬಂದದ್ದು ಅದೇ ಚಾನೆಲ್‌ನಲ್ಲಿ ವರ್ಷಗಟ್ಟಲೆ ಕಾಣಿಸಿಕೊಂಡಿದ್ದ ಡಿಮೀಟ್ರಿಯಸ್ ಐವರಿ. ಮುಂಚೆಯೇ ಹೇಳಿ, ಜೊತೆಯಲ್ಲೇ ಬೆಳೆದವರಿಗೆ ವಹಿಸಿದ್ದರಿಂದ ಜನ ಸುಲಭವಾಗಿ ಒಪ್ಪಿದರು.

ಒಕ್ಲಹೋಮಾ ಸಿಟಿಯ ಗ್ಯಾರಿ ಇಂಗ್ಲೆಂಡ್ ಅವರದು ಬೇರೆ ಕಥೆ. 1972ರಿಂದ 2013ರವರೆಗೆ ಕೆಡಬ್ಲ್ಯೂಟಿವಿಯಲ್ಲಿದ್ದ ಅವರು ಟಿವಿ ಚಾನೆಲ್‌ಗೆ ಗಾಳಿಯ ಚಲನೆ ತೋರಿಸುವ ಸ್ವಂತ ಡಾಪ್ಲರ್ ರಡಾರ್ ತಂದವರಲ್ಲಿ ಮೊದಲಿಗರು. ಸುಂಟರಗಾಳಿಯ ನಾಡಿನಲ್ಲಿ ಅವರ ಮಾತೇ ವೇದವಾಕ್ಯವಾಗಿತ್ತು. ಅಂಥವರ ಖುರ್ಚಿಯಲ್ಲಿ ಕೂರುವವರನ್ನು ಮೊದಲ ದೊಡ್ಡ ಗಾಳಿಯವರೆಗೆ ಯಾರೂ ಪೂರ್ತಿ ನಂಬುವುದಿಲ್ಲ. ಆ ಒಂದು ರಾತ್ರಿ ಸರಿಯಾಗಿ ನಡೆಸಿಕೊಟ್ಟರೆ ಮುಂದಿನದು ಸಲೀಸು.

ಬೈದು ಬೈದೇ ಓಡಿಸಿಬಿಡ್ತಾರಂತೆ, ನಿಜವಾ?

ನಿಜ. ಅಯೋವಾದ ಡಿಮೊಯ್ನ್‌ನಲ್ಲಿ ಕ್ರಿಸ್ ಗ್ಲೋನಿಂಜರ್ ಎಂಬುವರು ಕೆಸಿಸಿಐ ಚಾನೆಲ್‌ನ ಚೀಫ್ ಆಗಿದ್ದರು. ದಿನದ ಮುನ್ಸೂಚನೆಯ ಜೊತೆ ಹವಾಮಾನ ಬದಲಾವಣೆಯ ಮಾತೂ ಸೇರಿಸುತ್ತಿದ್ದರು. ಕೆಲವರಿಗೆ ಅದು ಸೇರಲಿಲ್ಲ, ಒಬ್ಬನಂತೂ ಮನೆ ವಿಳಾಸ ಕೇಳುತ್ತ ಬೆದರಿಕೆಯ ಮೇಲ್‌ಗಳನ್ನು ಕಳಿಸಿದ. ಅವನಿಗೆ ಬಿದ್ದ ದಂಡ 150 ಡಾಲರ್. ಗ್ಲೋನಿಂಜರ್ 2023ರ ಜುಲೈನಲ್ಲಿ ಟಿವಿಯನ್ನೇ ಬಿಟ್ಟು ಹವಾಮಾನ ಸಲಹೆಯ ಕೆಲಸಕ್ಕೆ ಹೋದರು. ಮನಸ್ಸಿಗೆ ಆದ ಆಘಾತ, ಮನೆಯವರ ಆರೋಗ್ಯ ಎರಡನ್ನೂ ಅವರೇ ಬಹಿರಂಗವಾಗಿ ಹೇಳಿಕೊಂಡರು.

ಬೈಗುಳ ಬರಲು ಅಷ್ಟು ದೊಡ್ಡ ವಿಷಯವೂ ಬೇಕಿಲ್ಲ. 2019ರ ಏಪ್ರಿಲ್‌ನಲ್ಲಿ ಅಟ್ಲಾಂಟಾದ ಚಾನೆಲ್ ಒಂದರಲ್ಲಿ ಮಾಸ್ಟರ್ಸ್ ಗಾಲ್ಫ್ ಪಂದ್ಯ ನಿಲ್ಲಿಸಿ ಸುಂಟರಗಾಳಿ ವಾರ್ನಿಂಗ್ ಹೇಳಿದ ಹೆಣ್ಣುಮಗಳಿಗೆ ಕೊಲೆ ಬೆದರಿಕೆ ಬಂತು. ಮುಂದಿನ ತಿಂಗಳು 27ರ ರಾತ್ರಿ ಒಹಾಯೊದ ಡೇಟನ್‌ನಲ್ಲಿ ರಿಯಾಲಿಟಿ ಶೋ ನಡುವೆ ಬಂದು ಎಚ್ಚರಿಕೆ ಹೇಳುತ್ತಿದ್ದ ಜೇಮೀ ಸಿಂಪ್ಸನ್, ಶೋ ವಾಪಸು ಹಾಕಿ ಎಂದು ಬರುತ್ತಿದ್ದ ದೂರುಗಳನ್ನು ಓದಿ, ನೇರಪ್ರಸಾರದಲ್ಲೇ ವೀಕ್ಷಕರನ್ನು ಗದರಿದರು. ಅದೇ ರಾತ್ರಿ ಡೇಟನ್ ಸುತ್ತ ಭಾರಿ ಸುಂಟರಗಾಳಿಗಳು ಮನೆಗಳನ್ನು ಕಿತ್ತೆಸೆದವು. ಗದರಿದ್ದು ಸರಿಯೋ ತಪ್ಪೋ ಅಂತ ಆಮೇಲೆ ಚರ್ಚೆಯಾಯಿತು. ನಾನಾಗಿದ್ದರೆ ಇನ್ನೂ ಎರಡು ಮಾತು ಜಾಸ್ತಿ ಆಡುತ್ತಿದ್ದೆ.

ಹವಾಮಾನದವರೊಬ್ಬರು ಬ್ಯಾಂಕ್ ದರೋಡೆ ಮಾಡಿದ್ದರಂತೆ, ತಮಾಷೆಗಾ?

ತಮಾಷೆಯಲ್ಲ. 1970ರ ದಶಕದ ಆರಂಭದಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೊದಲ್ಲಿ ಡಬ್ಲ್ಯೂಜಿಆರ್ ಚಾನೆಲ್‌ನ ಹವಾಮಾನದವರು ಬ್ಯಾಂಕ್ ದರೋಡೆ ಆರೋಪದಲ್ಲಿ ಸಿಕ್ಕಿಬಿದ್ದರು. ಅವತ್ತಿನ ಸುದ್ದಿಗೆ ಯಾರೂ ಇಲ್ಲ. ವಿಜ್ಞಾನ ವರದಿಗಾರ್ತಿಯಾಗಿದ್ದ ಜೂನ್ ಬೇಕನ್-ಬರ್ಸಿ ಅವರನ್ನು ನಿಲ್ಲಿಸಿದರು. ಅವರು ಹವಾಮಾನ ವಿಜ್ಞಾನದಲ್ಲೇ ಪದವಿ ಪಡೆದವರು. ನಾಳೆ ಬಿಸಿಗಾಳಿ ಅಂದರು, ಮರುದಿನ ಹಾಗೇ ಆಯಿತು, ಕೆಲಸ ಅವರಿಗೇ ಉಳಿಯಿತು. ಪದವಿ ಪಡೆದ ಹವಾಮಾನ ವಿಜ್ಞಾನಿಯಾಗಿ ಅಮೆರಿಕದ ಟಿವಿಯಲ್ಲಿ ನಿಂತ ಮೊದಲ ಕಪ್ಪು ಮಹಿಳೆ ಅವರು. ಎಎಂಎಸ್ 2005ಕ್ಕೂ ಮುಂಚೆ ಕೊಡುತ್ತಿದ್ದ ಹಳೆಯ ಟಿವಿ ಮುದ್ರೆ ಪಡೆದ ಮೊದಲ ಮಹಿಳೆಯೂ ಅವರೇ. ಅವರಿಗೆ ಮುಂಚೆಯೇ ಆ ಕೆಲಸ ಕೊಟ್ಟಿದ್ದರೆ ಬ್ಯಾಂಕ್ ಉಳಿಯುತ್ತಿತ್ತೇನೋ.

## ಮಾಲೀಕರು ಮತ್ತು ದುಡ್ಡಿನ ಲೆಕ್ಕ

2025ರ ಜನವರಿಯಲ್ಲಿ ಹವಾಮಾನದವರನ್ನೆಲ್ಲ ತೆಗೀತಾರೆ ಅಂತ ಗಲಾಟೆ ಆಯ್ತಲ್ಲ, ಏನದು?

ಬೈರನ್ ಆ್ಯಲನ್ ಎಂಬುವರ ಆ್ಯಲನ್ ಮೀಡಿಯಾ ಗ್ರೂಪ್ 2018ರಲ್ಲಿ, ದೇಶಕ್ಕೆಲ್ಲ ಹವಾಮಾನವನ್ನೇ ತೋರಿಸುವ ವೆದರ್ ಚಾನೆಲ್ ಅನ್ನು ಕೊಂಡುಕೊಂಡಿತು. ಆಮೇಲೆ ಸಣ್ಣ, ಮಧ್ಯಮ ಊರುಗಳ ಎರಡು ಡಜನ್‌ಗೂ ಹೆಚ್ಚು ಲೋಕಲ್ ಚಾನೆಲ್‌ಗಳನ್ನೂ ಕೊಂಡಿತು. ನಮ್ಮ ಹಂಟ್ಸ್‌ವಿಲ್‌ನ ಡಬ್ಲ್ಯೂಎಎವೈ, ಮೇಲೆ ಹೇಳಿದ ಟುಪಿಲೊದ ಡಬ್ಲ್ಯೂಟಿವಿಎ ಎರಡೂ ಅದರಲ್ಲಿದ್ದವು. ಸಾಲ ಬೆಳೆದಿತ್ತು, ಜಾಹೀರಾತು ಇಳಿದಿತ್ತು. ಜನವರಿ ಮಧ್ಯದಲ್ಲಿ ಸುದ್ದಿ ಹೊರಬಿತ್ತು: ಊರೂರಿನ ಹವಾಮಾನದವರನ್ನು ಬಿಡಿಸಿ, ಎಲ್ಲ ಊರಿನ ವರದಿಯನ್ನೂ ಅಟ್ಲಾಂಟಾದಲ್ಲಿರುವ ವೆದರ್ ಚಾನೆಲ್ ಕಚೇರಿಯಿಂದಲೇ ಹೇಳಿಸುವುದು. ಕಂಪನಿ ಇದನ್ನು ಹೊಸ ಬಗೆಯ ಹವಾಮಾನ ಸುದ್ದಿ ಎಂದು ಬಣ್ಣಿಸಿತು.

ಮುಂದೆ ಆದದ್ದನ್ನು ಯಾರೂ ಊಹಿಸಿರಲಿಲ್ಲ. ಟಿವಿಯನ್ನೇ ನೋಡದವರು ಕೂಡ ಚಾನೆಲ್‌ಗಳಿಗೆ ಫೋನ್ ಹಚ್ಚಿದರು. ಜಾಹೀರಾತು ಕೊಡುವ ಊರಿನ ಅಂಗಡಿಯವರೂ ಮುಖ ಸಿಂಡರಿಸಿದರು. ಸುಮಾರು ಒಂದು ವಾರದಲ್ಲಿ ಕಂಪನಿ ಹಿಂದೆ ಸರಿಯಿತು. ಅಮೆರಿಕದಲ್ಲಿ ದೊಡ್ಡ ಕಂಪನಿಯೊಂದು ಜನರ ಕೂಗಿಗೆ ಏಳು ದಿನದಲ್ಲಿ ಬಗ್ಗಿದ್ದು ನನ್ನ ಇಪ್ಪತ್ತು ವರ್ಷದ ವಾಸದಲ್ಲಿ ಅಪರೂಪ. ಆದರೆ "ನಿನ್ನನ್ನು ತೆಗೆಯುತ್ತೇವೆ" ಅಂತ ಒಮ್ಮೆ ಕೇಳಿಸಿಕೊಂಡವರು ಕಟ್ಟಿದ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚುತ್ತಾರೆಯೇ?

ಅಟ್ಲಾಂಟಾದಲ್ಲಿ ಕೂತು ಹೇಳಿದರೆ ತಪ್ಪೇನು? ರಡಾರ್ ಅದೇ ತಾನೆ?

ರಡಾರ್ ಅದೇ. ಅಟ್ಲಾಂಟಾದವರು ಓದಿನಲ್ಲಿ ಒಂದು ಕೈ ಮೇಲೇ ಇರಬಹುದು. ದಿನನಿತ್ಯದ ಬಿಸಿಲು ಮಳೆಗೆ ಯಾವ ವ್ಯತ್ಯಾಸವೂ ಆಗದು, ಒಪ್ಪಿಕೊಳ್ಳುತ್ತೇನೆ. ವ್ಯತ್ಯಾಸ ಬರುವುದು ವರ್ಷದ ಆ ಐದಾರು ರಾತ್ರಿಗಳಲ್ಲಿ.

ನಮ್ಮಲ್ಲಿ ಒಬ್ಬರು "ಕೊಪ್ಪದಲ್ಲಿ ಹೊಳೆ ಉಕ್ಕಿದೆ" ಅಂದರೆ ನಿಮ್ಮ ಎದೆ ಯಾವ ಕೊಪ್ಪಕ್ಕೆ ಬಡಿದುಕೊಳ್ಳಬೇಕು? ಚಿಕ್ಕಮಗಳೂರಿನದಕ್ಕೋ, ಮದ್ದೂರು ತಾಲ್ಲೂಕಿನದಕ್ಕೋ? ಊರಿನವರಾದರೆ "ತುಂಗೆ ಕಡೆಯ ಕೊಪ್ಪ" ಅಂದುಬಿಡುತ್ತಾರೆ. ಇಲ್ಲೂ ಹಾಗೇ. ನಮ್ಮ ಹತ್ತಿರ 'ಅರಬ್' ಎಂದು ಬರೆಯುವ ಊರೊಂದಿದೆ, ಬಾಯಲ್ಲಿ ಅದು 'ಏರ್ಯಾಬ್'. ಹೊರಗಿನವರು ಒಂದೇ ಮಾತಿನಲ್ಲಿ ಸಿಕ್ಕಿಬೀಳುತ್ತಾರೆ, ಸಿಕ್ಕಿಬಿದ್ದವರ ಮಾತನ್ನು ಹಳ್ಳಿಯ ಅಜ್ಜ ಅರ್ಧವೇ ಕೇಳುತ್ತಾನೆ. ಜೇಮ್ಸ್ ಸ್ಪ್ಯಾನ್ ಗಾಳಿಯ ದಾರಿ ಹೇಳುವಾಗ ಅಕ್ಷಾಂಶ ರೇಖಾಂಶ ಹೇಳುವುದಿಲ್ಲ. ಯಾವ ತಿರುವು, ಯಾವ ಅಂಗಡಿ, ಯಾವ ಚರ್ಚಿನ ಹಿಂದೆ ಅಂತ ಹೇಳುತ್ತಾರೆ. ಮೊಬೈಲ್‌ನ ನಕಾಶೆಯಲ್ಲಿ ತನ್ನ ಮನೆ ಎಲ್ಲಿದೆ ಎಂದು ಗುರುತಿಸಲಾಗದ ಜನ ಬಹಳ ಇದ್ದಾರೆ, ಆದರೆ ಆ ಅಂಗಡಿ ಎಲ್ಲರಿಗೂ ಗೊತ್ತು. ಟೆನೆಸಿ ನದಿಯ ಪಕ್ಕ, ಸ್ಯಾಂಡ್ ಮೌಂಟನ್ ದಿಬ್ಬದ ಮೇಲೆ 'ಮೊಬೈಲ್ ಹೋಮ್' ಎಂಬ ಹಗುರ ಮನೆಗಳಲ್ಲಿ ಯಾರಿದ್ದಾರೆ, ಅವರು ಎಲ್ಲಿಗೆ ಓಡಬಲ್ಲರು ಎಂಬುದೂ ಊರಿನವರಿಗೇ ಗೊತ್ತು.

ಇನ್ನೊಂದು ಸಣ್ಣ ಮಾತು. ಅಟ್ಲಾಂಟಾದ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಮುಂದೆ. "ಒಂಬತ್ತಕ್ಕೆ ಬರುತ್ತೆ" ಅಂದರೆ ಯಾರ ಒಂಬತ್ತು ಎಂದು ನೆನಪಿಟ್ಟುಕೊಂಡು ಹೇಳಬೇಕು.

ನಮ್ಮ ಚಾನೆಲ್ ಬೇರೆಯವರ ಕೈಗೆ ಮಾರಾಟವಾಗುತ್ತಂತೆ. ಹವಾಮಾನದವರ ಗತಿ?

2025ರ ಆಗಸ್ಟ್‌ನಲ್ಲಿ ಆ್ಯಲನ್ ಕಂಪನಿ ತನ್ನ ಹತ್ತು ಚಾನೆಲ್‌ಗಳನ್ನು 17.1 ಕೋಟಿ ಡಾಲರ್‌ಗೆ ಗ್ರೇ ಮೀಡಿಯಾ ಎಂಬ ಇನ್ನೊಂದು ಟಿವಿ ಕಂಪನಿಗೆ ಮಾರುವ ಒಪ್ಪಂದ ಮಾಡಿಕೊಂಡಿತು. ಹಂಟ್ಸ್‌ವಿಲ್‌ನದೂ, ಟುಪಿಲೊದ್ದೂ ಆ ಪಟ್ಟಿಯಲ್ಲಿದ್ದವು. ಹಂಟ್ಸ್‌ವಿಲ್‌ನಲ್ಲಿ ಗ್ರೇ ಕಂಪನಿಗೆ ಡಬ್ಲ್ಯೂಎಎಫ್ಎಫ್ ಎಂಬ ಚಾನೆಲ್ ಮೊದಲೇ ಇತ್ತು. ಒಂದೇ ಊರಿನಲ್ಲಿ ಒಬ್ಬರಿಗೇ ಎರಡು ಚಾನೆಲ್ ಆದಾಗ ಎರಡು ಹವಾಮಾನ ತಂಡ ಯಾಕೆ ಎಂಬ ಪ್ರಶ್ನೆ ಲೆಕ್ಕದವರ ತಲೆಗೆ ಬಂದೇ ಬರುತ್ತದೆ. ಎರಡು ಅಡುಗೆಮನೆ, ಒಂದೇ ಒಲೆ. ಅದೇ ಆಗಸ್ಟ್‌ನಲ್ಲಿ ಎಲ್ಲರಿಗಿಂತ ದೊಡ್ಡದಾದ ನೆಕ್ಸ್‌ಸ್ಟಾರ್ ಕಂಪನಿ ಟೆಗ್ನಾ ಎಂಬ ಮತ್ತೊಂದು ಟಿವಿ ಕಂಪನಿಯನ್ನು 620 ಕೋಟಿ ಡಾಲರ್‌ಗೆ ಕೊಳ್ಳುವ ಒಪ್ಪಂದವನ್ನೂ ಪ್ರಕಟಿಸಿತು.

ಹೊಸ ಮಾಲೀಕರು ಬಂದ ಮೊದಲ ತಿಂಗಳು ಏನೂ ಬದಲಾಗದು. ಹಳೆಯ ಕಾಂಟ್ರಾಕ್ಟ್‌ಗಳು ಒಂದೊಂದಾಗಿ ಮುಗಿಯುವಾಗ ನೋಡಿ. ಹೊಸಬರನ್ನು ತುಂಬದೆ ಖಾಲಿ ಬಿಡುವುದೇ ಇಲ್ಲಿಯ ಮಾಮೂಲಿ ವಿಧಾನ, ಅದಕ್ಕೆ ಸುದ್ದಿ ಮಾಡಬೇಕಿಲ್ಲವಲ್ಲ.

ಸರ್ಕಾರಿ ಹವಾಮಾನ ಕಚೇರಿಯಲ್ಲಿ ಜನ ಕಡಿಮೆಯಾದರೆ ಟಿವಿಯವರಿಗೇನು ಕಷ್ಟ?

ಟಿವಿಯವರ ಮನೆ ನಿಂತಿರುವುದೇ ಸರ್ಕಾರದ ಅಡಿಪಾಯದ ಮೇಲೆ. ರಡಾರ್, ಉಪಗ್ರಹ, ಆಕಾಶಕ್ಕೆ ಹಾರಿಸುವ ಬಲೂನಿನ ಅಳತೆ, ಕಂಪ್ಯೂಟರ್ ಮಾದರಿ ಬಹುತೇಕ ಅಲ್ಲಿಂದಲೇ. 2025ರ ಆರಂಭದಿಂದ ಎನ್‌ಡಬ್ಲ್ಯೂಎಸ್‌ನಲ್ಲಿ ನೂರಾರು ಜನ ಕೆಲಸ ಕಳೆದುಕೊಂಡರು ಇಲ್ಲವೇ ಬೇಗ ನಿವೃತ್ತಿ ತೆಗೆದುಕೊಂಡರು. ಆ ಮಾರ್ಚ್‌ನಲ್ಲಿ ಒಮಾಹಾ ಮತ್ತು ರ‍್ಯಾಪಿಡ್ ಸಿಟಿಯಲ್ಲಿ ಬಲೂನ್ ಹಾರಿಸುವುದನ್ನೇ ನಿಲ್ಲಿಸಬೇಕಾಯಿತು. ಕೆಂಟಕಿಯ ಜ್ಯಾಕ್ಸನ್ ಕಚೇರಿಗೆ ರಾತ್ರಿ ಪಾಳಿಗೆ ಜನ ಸಾಲದಾದರು. ಮೇ 16ರ ರಾತ್ರಿ ಅದೇ ಕಡೆ ದೊಡ್ಡ ಸುಂಟರಗಾಳಿ ಬಂದಾಗ ಹೆಚ್ಚುವರಿ ಜನರನ್ನು ಕರೆಸಿಕೊಂಡು ವಾರ್ನಿಂಗ್ ಕೊಟ್ಟರು, ಅದನ್ನೂ ಹೇಳಬೇಕು.

ಆ ಜೂನ್‌ನಲ್ಲಿ ಮಯಾಮಿಯ ಎನ್‌ಬಿಸಿ 6ರಲ್ಲಿ ಹಿರಿಯರಾದ ಜಾನ್ ಮೊರಾಲೆಸ್ ತಮ್ಮದೇ 2019ರ ಡೋರಿಯನ್ ಚಂಡಮಾರುತದ ವಿಡಿಯೊ ತೋರಿಸಿದರು. ಆಗ "ತಿರುಗುತ್ತದೆ, ಹೆದರಬೇಡಿ" ಎಂದು ಧೈರ್ಯವಾಗಿ ಹೇಳಿದ್ದೆ, ಈ ವರ್ಷ ಅಷ್ಟು ಖಾತ್ರಿಯಿಂದ ಹೇಳಬಲ್ಲೆನೆಂಬ ನಂಬಿಕೆ ಇಲ್ಲ ಎಂಬುದು ಅವರ ಮಾತಿನ ಸಾರ. ದಶಕಗಳಿಂದ ಜನರಿಗೆ ಧೈರ್ಯ ಹೇಳಿದವರ ಬಾಯಲ್ಲಿ ಅದನ್ನು ಕೇಳಿದಾಗ ನನಗೆ ಕುರ್ಚಿ ತುಸು ಅಲುಗಿದಂತಾಯಿತು.

ಎಐ ಬಂದ ಮೇಲೆ ಈ ಕೆಲಸ ಉಳಿಯುತ್ತಾ?

ಬರೀ ಓದಿ ಹೇಳುವ ಕೆಲಸ ಉಳಿಯಲಾರದು. ನಮ್ಮ ಕಡೆಯೇ ನೋಡಿ: 2023ರ ಜುಲೈನಲ್ಲಿ ಕನ್ನಡದ ಪವರ್ ಟಿವಿ 'ಸೌಂದರ್ಯ' ಎಂಬ ಎಐ ನಿರೂಪಕಿಯನ್ನು ತಂದಿತು. 2024ರ ಮೇ 26ರಿಂದ ಡಿಡಿ ಕಿಸಾನ್‌ನಲ್ಲಿ ಕ್ರಿಶ್ ಮತ್ತು ಭೂಮಿ ಎಂಬ ಎಐ ಜೋಡಿ ಮಾರುಕಟ್ಟೆ ದರ, ಹವಾಮಾನ ಎಲ್ಲ ಓದತೊಡಗಿತು, ಐವತ್ತು ಭಾಷೆಯಲ್ಲಿ ಮಾತಾಡಬಲ್ಲದಂತೆ. ನಾಳೆ 32 ಡಿಗ್ರಿ ಅಂತ ಹೇಳಲು ಅದು ಸಾಕು. ತೊಟ್ಟಿಲ ಮಗುವನ್ನು ಎತ್ತಿಕೊಂಡು ಹಾಸಿಗೆ ಹೊದ್ದು ಬಚ್ಚಲಿಗೆ ಹೋಗಿ ಕೂರು ಅಂತ ಗೊಂಬೆ ಹೇಳಿದರೆ ನೀವು ಎದ್ದು ಹೋಗುತ್ತೀರಾ ಎಂಬುದನ್ನು ನೀವೇ ಹೇಳಬೇಕು.

## ಮನೆಗೆ ಸಂಬಂಧಪಟ್ಟದ್ದು

ಟಿವಿ ಬಿಟ್ಟವರು ಎಲ್ಲಿಗೆ ಹೋಗ್ತಾರೆ? ಯೂಟ್ಯೂಬ್‌ನಲ್ಲಿ ಹೇಳೋರನ್ನ ನಂಬಬಹುದಾ?

ವಿಮಾನ ಕಂಪನಿ, ವಿದ್ಯುತ್ ವ್ಯಾಪಾರ, ವಿಮೆ, ಜಿಲ್ಲೆಯ ತುರ್ತು ನಿರ್ವಹಣೆ, ಕಾಲೇಜು ಪಾಠ, ಹೀಗೆ. ರಾತ್ರಿ ನಿದ್ದೆ ಸಿಗುವ ಕೆಲಸ ಅಂತ ಹಲವರು ಬದಲಾಗುತ್ತಾರೆ. ಕೆಲವರು ಸ್ವಂತ ನೇರಪ್ರಸಾರ ಶುರುಮಾಡಿಕೊಳ್ಳುತ್ತಾರೆ. ಕೆಂಟಕಿಯ ರಯನ್ ಹಾಲ್‌ಗೆ ಹವಾಮಾನದ ಪದವಿ ಇಲ್ಲ, ಆದರೂ ಯೂಟ್ಯೂಬ್‌ನಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಅವರ ಹಿಂದಿದ್ದಾರೆ, ಪದವಿ ಇರುವವರನ್ನೂ ಜೊತೆಗಿಟ್ಟುಕೊಂಡಿದ್ದಾರೆ.

ನನ್ನ ಅಳತೆಗೋಲು ಒಂದೇ: ಎನ್‌ಡಬ್ಲ್ಯೂಎಸ್ ವಾರ್ನಿಂಗ್ ಅನ್ನು ಇದ್ದಂತೆ ತೋರಿಸುವವರು ಪರವಾಗಿಲ್ಲ. ಹತ್ತು ದಿನ ಮುಂಚೆಯೇ ನಿಮ್ಮ ಊರಿನ ಮೇಲೆ ಕೆಂಪು ಬಣ್ಣ ಬಳಿದು ಹೆದರಿಸುವವರ ವಿಡಿಯೊ ಮುಚ್ಚಿಬಿಡಿ.

ಹೊಸದಾಗಿ ಬಂದಿದ್ದೇವೆ. ಯಾವ ಚಾನೆಲ್ ನೋಡಬೇಕು?

ಎರಡು ಮೂರು ವಾರ ಎಲ್ಲವನ್ನೂ ನೋಡಿ, ಯಾರ ಮಾತಿನ ಓಟ ನಿಮಗೆ ಅರ್ಥವಾಗುತ್ತದೋ ಅವರನ್ನು ಹಿಡಿದುಕೊಳ್ಳಿ. ಆದರೆ ಜೀವವನ್ನು ಒಂದೇ ಮುಖಕ್ಕೆ ಕಟ್ಟಬೇಡಿ. ಅಂಗಡಿಯಲ್ಲಿ 30-40 ಡಾಲರ್‌ಗೆ, ವಾರ್ನಿಂಗ್ ಬಂದರೆ ತಾನೇ ಕೂಗುವ ವೆದರ್ ರೇಡಿಯೊ ಸಿಗುತ್ತದೆ, ನಿಮ್ಮ ಕೌಂಟಿಯ, ಅಂದರೆ ಇಲ್ಲಿಯ ಜಿಲ್ಲೆಯ, ಸಂಖ್ಯೆ ಹಾಕಿ ಮಲಗುವ ಕೋಣೆಯಲ್ಲಿಡಿ, ಬ್ಯಾಟರಿ ಮರೆಯಬೇಡಿ. ಮೊಬೈಲ್‌ನಲ್ಲಿ ತುರ್ತು ಎಚ್ಚರಿಕೆ ಆನ್ ಇರಲಿ. ಹೊರಗಿನ ಸೈರನ್ ಮನೆಯೊಳಗೆ ಮಲಗಿದವರಿಗಾಗಿ ಇಟ್ಟದ್ದಲ್ಲ, ಎಸಿ ಸದ್ದಿನಲ್ಲಿ ಅದು ಕೇಳಿಸುವುದೂ ಇಲ್ಲ. ಕೌಂಟಿಯ ಹೆಸರು ಮತ್ತು ನಿಮ್ಮ ಪಶ್ಚಿಮಕ್ಕಿರುವ ನಾಲ್ಕು ಊರುಗಳ ಹೆಸರು ಬಾಯಿಪಾಠ ಮಾಡಿಕೊಳ್ಳಿ. ಗಾಳಿ ಸಾಮಾನ್ಯವಾಗಿ ಆ ಕಡೆಯಿಂದಲೇ ಬರುವುದು.

ಮಗಳು ಹವಾಮಾನ ಓದ್ತೀನಿ ಅಂತಾಳೆ. ಕೆಲಸ ಕೈಯಲ್ಲಿ ನಿಲ್ಲುತ್ತಾ?

ಓದಲಿ. ಗಣಿತ, ಭೌತಶಾಸ್ತ್ರ ಗಟ್ಟಿ ಇರಬೇಕು, ಕ್ಯಾಮೆರಾ ಮುಂದೆ ನಗುವುದು ಆಮೇಲಿನ ಮಾತು. ಟಿವಿ ಹವಾಮಾನಕ್ಕೆ ಮಿಸಿಸಿಪಿ ಸ್ಟೇಟ್ ವಿಶ್ವವಿದ್ಯಾಲಯದ ಹೆಸರು ದೊಡ್ಡದು, ಒಕ್ಲಹೋಮಾ, ಪೆನ್ ಸ್ಟೇಟ್ ಕೂಡ. ಟಿವಿ ಒಂದನ್ನೇ ನೆಚ್ಚಿಕೊಳ್ಳಬಾರದು ಅಷ್ಟೇ. ಕೋಡಿಂಗ್ ಜೊತೆಗಿದ್ದರೆ ಕಂಪನಿಗಳೂ ಕರೆಯುತ್ತವೆ.

ಕರ್ನಾಟಕದಲ್ಲಿ ಇಂಥ ಹವಾಮಾನದವರು ಯಾಕಿಲ್ಲ?

ಲೆಕ್ಕ ಇಲ್ಲವೆಂದಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಮಳೆಮಾಪಕಗಳನ್ನು ನೆಟ್ಟಿದೆ, ರೈತರು ಕರೆ ಮಾಡಿ ಕೇಳಲು 'ವರುಣ ಮಿತ್ರ' ಸಹಾಯವಾಣಿ ಇದೆ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಅಲರ್ಟ್‌ಗಳನ್ನು ಸುದ್ದಿ ವಾಹಿನಿಗಳು ದಿನವೂ ಓದುತ್ತವೆ. ನಮ್ಮ ಅಜ್ಜಿಗೆ ಇದಾವುದೂ ಬೇಕಿರಲಿಲ್ಲ, ಭರಣಿಯಿಂದ ಸ್ವಾತಿವರೆಗಿನ ಮಳೆಗಳ ಸ್ವಭಾವ ಬಾಯಲ್ಲಿತ್ತು. ನಮ್ಮಲ್ಲಿಲ್ಲದ್ದು ಲೆಕ್ಕಕ್ಕೂ ಕೇಳುಗರಿಗೂ ನಡುವೆ ನಿಂತು, "ಮಡಿಕೇರಿಯ ಆ ಇಳಿಜಾರಿನ ಮನೆಯವರು ಇವತ್ತು ರಾತ್ರಿ ಅಲ್ಲಿ ಮಲಗಬೇಡಿ" ಎಂದು ಹೆಸರು ಹಿಡಿದು ಹೇಳುವ, ಹೇಳಿದ್ದು ತಪ್ಪಾದರೆ ಮರುದಿನ ಅದೇ ಮುಖ ಹೊತ್ತು ಬಂದು ಒಪ್ಪಿಕೊಳ್ಳುವ ವ್ಯಕ್ತಿ. ಯಾವ ಕನ್ನಡ ವಾಹಿನಿಯಾದರೂ ಒಬ್ಬರನ್ನು ಹತ್ತು ವರ್ಷ ಒಂದೇ ಕಡೆ ನಿಲ್ಲಿಸಿ ನೋಡಲಿ.